ಎರಡು ಜಿಪ್ಪಿನ ಚೀಲ

ಕೌಲ್ ಬಜಾರಿನ ಗಲ್ಲಿಯೊಂದರಲ್ಲಿ
ನಾನು ಹೊಲಿಯುವುದು ಬರೀ ಜೀನ್ಸು:
ಸೊಂಟ ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು.
ಯಾವೂರ ಗಂಡಸರೋ, ಅವರ ಸೊಂಟ ಗೊತ್ತು,
ಮುಖ ಗೊತ್ತಿಲ್ಲ.

ಎಂಟು ತುಂಬಿದ ದಿನ
ಕಟಿಂಗ್ ಟೇಬಲ್ಲಿನ ಕೆಳಗಿನ ತುಂಡು ಆಯ್ದು
ಆಸ್ಪತ್ರೆಗೆಂದು ಚೀಲ ಹೊಲಿದೆ.
ಉದ್ದ ಜಿಪ್ಪು ಸಿಗಲಿಲ್ಲ.
ಪ್ಯಾಂಟಿನವೇ ಎರಡು, ಎದುರುಬದುರು ಕೂರಿಸಿದೆ.
ನಡುವೆ ಎರಡು ಬೆರಳಿನಷ್ಟು ಬಾಯಿ
ಏನು ಮಾಡಿದರೂ ಮುಚ್ಚದು.

ನೀಲಿ ಬಿಡುತ್ತದೆ ಈ ಬಟ್ಟೆ.
ಉಪ್ಪುನೀರಲ್ಲಿ ಐದು ಸಲ ಅದ್ದಿದೆ,
ಐದನೆಯ ನೀರೂ ನೀಲಿ.
ಕಡೆಗೆ ಸುಂಕಮ್ಮತ್ತೆಯ ಹಳೇ ಲಂಗ ಬಿಚ್ಚಿ
ಒಳಗೆ ಅಸ್ತರು ಕೊಟ್ಟೆ.

ಆಶಾ ಕೆಲಸದ ಹೊನ್ನೂರಮ್ಮ ಬೆರಳು ಮಡಚಿ ಹೇಳಿ ಹೋದಳು:
ತಾಯಿ ಕಾರ್ಡು, ಆಧಾರ್ ಜೆರಾಕ್ಸು, ಪಾಸ್‌ಬುಕ್ಕು,
ಎರಡು ನೈಟಿ, ಪ್ಯಾಡು, ಬಕೀಟು, ಮಗ್ಗು,
ಕೂಸಿಗೆ ಉಲ್ಲನ್ ಟೊಪ್ಪಿಗಿ.
"ಮೇ ತಿಂಗಳಾಗ, ಬಳ್ಳಾರ್ಯಾಗ, ಉಲ್ಲನ್ನಾ?"
ಗಾದಿಲಿಂಗ ನಕ್ಕ; ಮೂಗಿನ ತುದಿಯಿಂದ ಬೆವರು ಉದುರಿತು.
"ಒಳಗ ಇದ್ದು ಬಂದೋರಿಗೆ ಹೊರಗ ಥಂಡಿನಪ್ಪಾ"
ಅಂದಳು ಹೊನ್ನೂರಮ್ಮ, ಚಪ್ಪಲಿ ಮೆಟ್ಟುತ್ತ.

ಅತ್ತೆಯ ಪಟ್ಟಿ ಬೇರೆ.
ಬಜೆ, ಓಮಿನ ಗಂಟು, ಗಾದಿಲಿಂಗ ತೊಟ್ಟ ಕುಂಚಿಗೆ.
ಹೊಸದು ಒಂದು ನೂಲೂ ಬೇಡ.
"ಹುಟ್ಟದ ಕೂಸಿಗೆ ಹೊಸಾದು ತರಬಾರದು,
ಅವು ಕೇಳಿಸಿಕೊಂತಾವ" ಅಂದಳು.
ಯಾವುವು, ಹೇಳಲಿಲ್ಲ.
ತೊಂಬತ್ತು ದಾಟಿ ಹೋದ ತನ್ನಪ್ಪನ ಪಂಚೆ ತೆಗೆದು
ಪರ್ರನೆ ಹರಿದಳು, ನಾಲ್ಕು ತುಂಡು.
ಒಗೆದು ಒಗೆದು ಸವೆದದ್ದು,
ಕೈಯಲ್ಲಿ ಹಿಡಿದರೆ ಹಿಡಿದ ಹಾಗೇ ಇಲ್ಲ.

ತುಂಬಿದ ಚೀಲ ತುಂಬಿದ ಹಾಗೆ ಇರಲಿಲ್ಲ.
ಸೋಮವಾರ ಚಾರ್ಜರು ಗಂಡನ ಜೇಬಿಗೆ.
ವಾಷಿಂಗ್ ಯುನಿಟ್ಟಿನ ರಾತ್ರಿ ಪಾಳಿಗೆ ಥರ್ಮಾಸು.
ಗ್ಯಾಸು ಮುಗಿದ ದಿನ
ಅಸ್ತರಿನ ಕಳ್ಳಜೇಬಿನ ಎರಡು ಸಾವಿರದಲ್ಲಿ ಒಂಬೈನೂರು.
ನಾನೇ ಒಂದು ಮಧ್ಯಾಹ್ನ ಬೆಲ್ಲ ಕೊಬ್ಬರಿ ತಿಂದೆ,
ಬಾಣಂತಿಯದನ್ನು ಬಸುರಿ ಕದ್ದಂತೆ.
ರಾತ್ರಿ ಮತ್ತೆ ಎಣಿಸುವುದು, ಮತ್ತೆ ತುಂಬುವುದು.

ಪಕ್ಕದ ಮಷೀನಿನ ಮಾಬುನ್ನಿ ಒಂದು ಚೀಟಿ ತಂದಳು.
ಎರಡು ಫೋನ್ ನಂಬರು, ನನ್ನ ರಕ್ತದ ಗುಂಪಿನವರು:
ಗುಂಡಿ ಹಾಕುವ ಹುಡುಗ ಒಬ್ಬ,
ಇನ್ನೊಬ್ಬ ಅವಳ ಮೈದುನ, ಅದಿರು ಲಾರಿಯವ.
"ಬೇಕಾಗಂಗಿಲ್ಲ. ಇರ್ಲಿ."
ಅದೊಂದನ್ನು ಮಾತ್ರ
ಮನೆಯಲ್ಲಿ ಯಾರೂ ಸಾಲ ಕೇಳಲಿಲ್ಲ.

ಕೊನೆಗೆ ಕೊರಳ ಟೇಪು ತೆಗೆದು ಹಾಕಿದೆ.
ಅಳೆಯಲಿಕ್ಕಲ್ಲ, ಸುಮ್ಮನೆ.
ಹನ್ನೊಂದು ವರ್ಷದಲ್ಲಿ
ಸೈಜು ತಿಳಿಯದೆ ಕೆಲಸ ಹಿಡಿದದ್ದು
ಇದೊಂದೇ.

ನೀರು ಹೋದದ್ದು ಬೆಳಗಿನ ಜಾವ ಮೂರಕ್ಕೆ. ಕರೆಂಟು ಇರಲಿಲ್ಲ.
ಆಟೋ ಬಂತು. ಗಾದಿಲಿಂಗ ಚೀಲ ಎದೆಗವಚಿಕೊಂಡ.
ಎರಡು ಜಿಪ್ಪಿನ ನಡುವಿಂದ
ಪಂಚೆಯ ಮೂಲೆ ಹೊರಗೆ ಇಣುಕಿತ್ತು.
ತುರುಕಲು ಹೋದ.
"ಬಿಡಲೇ, ಬರೋರಿಗೆ ದಾರಿ ಇರ್ಲಿ"
ಅಂದವಳೇ ಅತ್ತೆ ಒಳಗೆ ಓಡಿದಳು.

ಹಲ್ಲು ಕಚ್ಚಿ ತಿರುಗಿ ನೋಡಿದೆ.
ಮೊಬೈಲಿನ ಬೆಳಕಲ್ಲಿ
ಟ್ರಂಕಿನ ಮುಚ್ಚಳ ತೆಗೆದಳು, ಉಪ್ಪಿನಕಾಯಿ ಭರಣಿಯದು,
ಅಕ್ಕಿ ಡಬ್ಬಿಯದು, ಕಿಟಕಿಯ ಚಿಲಕ,
ತನ್ನ ತುರುಬಿನ ಗಂಟು.
ಬಿಚ್ಚಲು ಇನ್ನೇನೂ ಸಿಗದೆ
ಮನೆಯ ಹಳೇ ಮಷೀನಿನ ಹತ್ತಿರ ನಿಂತು
ಸೂಜಿಯ ಕೆಳಗೆ ಸಿಕ್ಕಿದ್ದ ನೀಲಿ ತುಂಡಿನ ಮೇಲಿಂದ
ಆ ಪುಟ್ಟ ಕಬ್ಬಿಣದ ಪಾದ
ಎತ್ತಿಟ್ಟಳು.